ಐದನೆಯ ಸೊಪ್ಪು

ತಮ್ಮ ಮಿಕ್ಸಿ ತಂದ ದಿನ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಬಾಯಿ ತೆರೆದು ನಗುವವಳಲ್ಲ ಅವಳು. ಅವಳ ನಗು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತಿತ್ತು. ಓಣಿಯವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು, ತಮ್ಮನನ್ನು ಪಂಡಿತ ಎನ್ನುತ್ತಿದ್ದರು. ಅಕ್ಕ ಎಂಬ ಹೆಸರನ್ನು ಓಣಿ ತಾನಾಗಿ ಕೊಟ್ಟಿತ್ತು. ಪಂಡಿತ ಎಂಬುದನ್ನು ತಮ್ಮ ತಾನೇ ಬೋರ್ಡು ಬರೆಸಿ ಬಾಗಿಲಿಗೆ ತಗುಲಿಹಾಕಿಕೊಂಡಿದ್ದ. ಬರೆಸಿ ಹಾಕಿದ ಮೇಲೆ ಯಾರು ಇಲ್ಲ ಅನ್ನುತ್ತಾರೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನವೇ ಹೆಚ್ಚು.

“ಅಕ್ಕ, ಇನ್ಮೇಲೆ ನೀನು ಕೈ ನೋಯಿಸ್ಕೋಬೇಡ,” ಎಂದ ಪಂಡಿತ, ಮಿಕ್ಸಿಯ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು. “ನೀನು ಅರ್ಧ ದಿನ ಕೂತು ಅರೆಯೋದನ್ನ ಇದು ಎರಡು ನಿಮಿಷಕ್ಕೆ ಮುಗಿಸುತ್ತೆ.”

“ಮುಗಿಸ್ಲಿ ಬಿಡಪ್ಪ. ಅರೆಯೋದಕ್ಕೇನು ತಲೆ ಬೇಕಾ?”

ಪಂಡಿತ ಅದನ್ನು ಒಳ್ಳೆಯ ಮಾತೆಂದೇ ತಿಳಿದು ತಲೆಯಾಡಿಸಿದ. ಬೈದರೂ ಹಾರ ಹಾಕಿದ ಹಾಗೆ ಕೇಳಿಸುವ ಕಿವಿ ಅವನದು.

ಅವನ ಮುಂದಿನ ಕೋಣೆಯನ್ನು ನೋಡಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಾಜು ಹಾಸಿದ ಮೇಜು, ಗಾಜಿನ ಕೆಳಗೆ ಬಂದುಹೋದ ದೊಡ್ಡ ಮನುಷ್ಯರ ಕಾರ್ಡುಗಳು, ಮೇಜಿನ ಮೇಲೆ ಮುಚ್ಚಳ ತೆಗೆಯದ ಎರಡು ಪೆನ್ನು. ಗೋಡೆಯ ತುಂಬ ಫೋಟೋ. ಒಂದೊಂದು ಫೋಟೋದಲ್ಲೂ ಪಂಡಿತ ವಾಸಿಯಾದ ಒಂದು ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ, ಪ್ರತಿ ಹಸುವೂ ಬೇರೆ ಕಡೆ ಮುಖ ತಿರುಗಿಸಿತ್ತು. ಹಸುಗಳಿಗೆ ಮಾತು ಬರುವುದಿಲ್ಲ, ಬುದ್ಧಿ ಇದೆ ಎಂದು ಅಕ್ಕ ಆಗಾಗ ಅಂದುಕೊಳ್ಳುತ್ತಿದ್ದಳು. ದನದ ವಿಷಯದಲ್ಲಿ ತಮ್ಮನಿಗೆ ಗೊತ್ತಿದ್ದದ್ದು ಎರಡೇ: ಮುಂದುಗಡೆ ಯಾವುದು, ಹಿಂದುಗಡೆ ಯಾವುದು. ಅದೂ ಫೋಟೋಕ್ಕೆ ಯಾವ ಕಡೆ ನಿಲ್ಲಬೇಕು ಎಂಬ ಕಾರಣಕ್ಕೆ.

ಇಷ್ಟು ತಿರಸ್ಕಾರ ಸುಮ್ಮನೆ ಬರುವುದಿಲ್ಲ. ಅದಕ್ಕೊಂದು ಬೇರಿತ್ತು.

ಅವರ ಅಪ್ಪ ನಿಜವಾಗಿ ದನದ ಮದ್ದು ಬಲ್ಲವನು. ಹಸುವಿನ ಹೊಟ್ಟೆ ಉಬ್ಬಿ, ಎಡಮಗ್ಗುಲು ಬಿಗಿದು, ತಟ್ಟಿದರೆ ಡೋಲಿನ ಹಾಗೆ ಸದ್ದಾಗುವ ರೋಗಕ್ಕೆ ಅವನ ಹತ್ತಿರ ಒಂದು ಔಷಧವಿತ್ತು. ಬುಟ್ಟಿ ಹಿಡಿದು ಒಬ್ಬನೇ ಹೋಗಿ ಸೊಪ್ಪು ತರುತ್ತಿದ್ದ. ದನದ ಯಜಮಾನನ ಕಣ್ಣೆದುರಿಗೆ ಐದೂ ಸೊಪ್ಪನ್ನು ಒಂದೊಂದಾಗಿ ಎತ್ತಿ ನೋಡಿ, ಕೊನೆಯದನ್ನು ಮೂಸಿ, ಏನೋ ಗೊಣಗಿ, ಒಳಗೆ ಒಯ್ಯುತ್ತಿದ್ದ. ಆ ಕೊನೆಯದು ಬೇಲಿಸೊಪ್ಪು. ಹೊಟ್ಟೆ ತೊಳಸುವ ವಾಸನೆ, ಹಸಿದ ಮೇಕೆಯೂ ಮೂಸಿ ದೂರ ಸರಿಯುವ ಗಿಡ. ನೋಡಿದವರೆಲ್ಲ ‘ಗುಟ್ಟು ಇರೋದು ಅದರಲ್ಲೇ’ ಎಂದು ಕಣ್ಣು ಮಿಟುಕಿಸುತ್ತಿದ್ದರು.

ಒಳಗೆ ಅರೆಯುವ ಕಲ್ಲಿನ ಮುಂದೆ ಕೂತವಳು ಅಕ್ಕ. ಆಗ ಅವಳಿಗೆ ಹನ್ನೆರಡು ವರ್ಷ. ಅಪ್ಪ ಪುದೀನ ಕೊಡುತ್ತಿದ್ದ, ಸಬ್ಬಸಿಗೆ ಕೊಡುತ್ತಿದ್ದ, ದೊಡ್ಡಪತ್ರೆ, ಬೆಳ್ಳುಳ್ಳಿ ಸೊಪ್ಪು ಕೊಡುತ್ತಿದ್ದ. ಬೇಲಿಸೊಪ್ಪನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಉರಿಯುವ ಒಲೆಗೆ ತುರುಕುತ್ತಿದ್ದ. ಮೊದಲ ಸಲ ಅವಳು ಬಾಯಿಬಿಟ್ಟು ನೋಡಿದಾಗ ಅಪ್ಪ ದನಿ ಇಳಿಸಿ ಹೇಳಿದ:

“ಪುದೀನ, ಸಬ್ಬಸಿಗೆ ಅಂತ ಗೊತ್ತಾದ್ರೆ ನಾಳೆಯಿಂದ ಯಾರು ಕಣೇ ನಮ್ಮ ಬಾಗಿಲಿಗೆ ಬರ್ತಾರೆ? ಅವರವರ ಹಿತ್ತಲಲ್ಲೇ ಇದೆ ಎಲ್ಲ. ಈ ಬೇಲಿಸೊಪ್ಪು ಮದ್ದಿಗಲ್ಲ, ಮರ್ಯಾದೆಗೆ. ಕದ್ದು ನೋಡಿ ಮಾಡೋ ಕಳ್ಳನಿಗೂ ಬುದ್ಧಿ ಬರುತ್ತೆ. ಅಪ್ಪಿತಪ್ಪಿ ಒಂದೆಲೆ ಕಲ್ಲಿಗೆ ಬಿದ್ದರೂ ತೊಳೆದುಬಿಡು. ಅದು ವಿಷ.”

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಹೆಣ್ಣುಮಕ್ಕಳಿಗೆ ಮದ್ದು ಕಲಿಸಬಾರದು ಎಂಬುದು ಆ ಮನೆಯ ಕಟ್ಟು. ಬೇರೆ ಮನೆಗೆ ಹೋಗುವವಳು ಗುಟ್ಟನ್ನೂ ಹೊತ್ತುಕೊಂಡು ಹೋಗುತ್ತಾಳಂತೆ. ಆದರೆ ಅರೆಯುವುದು ಹೆಂಗಸರ ಕೆಲಸ, ಅದನ್ನು ಗಂಡಸರು ಮುಟ್ಟಬಾರದು ಎಂಬುದೂ ಅದೇ ಮನೆಯ ಕಟ್ಟು. ಹೀಗಾಗಿ ಗುಟ್ಟು ಕಲಿಯಬೇಕಾದ ಮಗ ಹೊರಗೆ ಹಗ್ಗ ಹಿಡಿದು ಗಂಭೀರವಾಗಿ ನಿಲ್ಲುವುದನ್ನು ಕಲಿತ, ಕಲಿಯಬಾರದ ಮಗಳು ಒಳಗೆ ಕೂತು ಎಲ್ಲವನ್ನೂ ಕಲಿತಳು. ಇಂಥ ಜಾಣತನದ ಕಟ್ಟಳೆ ಮಾಡಿದ ಹಿರಿಯರ ಕಾಲಿಗೆ ಬೀಳಬೇಕು!

ಅಪ್ಪ ಸಾಯುವಾಗ ಮಗನನ್ನು ಹತ್ತಿರ ಕರೆದ. “ಮದ್ದಿನದೆಲ್ಲ ಗೊತ್ತಲ್ಲ ನಿಂಗೆ? ಏನಾದ್ರೂ ಕೇಳೋದಿದ್ರೆ ಈಗ ಕೇಳು.”

“ಎಲ್ಲ ಗೊತ್ತಪ್ಪ,” ಎಂದ ಮಗ. ಅವನಿಗೆ ಗೊತ್ತಿಲ್ಲದ್ದು ಯಾವುದಾದರೂ ಉಂಟೆ!

ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಹೇಳಬಹುದಿತ್ತು. ಹೇಳಲಿಲ್ಲ. ಕೇಳಲಿ, ಹೇಳ್ತೀನಿ ಅಂದುಕೊಂಡಳು. ಒಂದೇ ಒಂದು ಸಲ ಒಳಗೆ ಬಂದು, ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ‘ಅಕ್ಕ, ಇದನ್ನ ಹೇಗೆ ಮಾಡೋದು?’ ಎಂದು ಅವನು ಕೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಬೋರ್ಡೂ ಬೇಡ, ಫೋಟೋವೂ ಬೇಡ.

ಅವನು ಕೇಳಲಿಲ್ಲ. ಹನ್ನೊಂದು ವರ್ಷ ಕೇಳಲಿಲ್ಲ. ಐದು ಸೊಪ್ಪು ತರುತ್ತಿದ್ದ, ಅಪ್ಪನ ಹಾಗೆಯೇ ಎತ್ತಿ ನೋಡಿ, ಮೂಸಿ, ಗೊಣಗಿ, ಬುಟ್ಟಿಯನ್ನು ಒಳಗೆ ತಳ್ಳುತ್ತಿದ್ದ. ಬೆಳಗ್ಗೆಯೆಲ್ಲ ಹಾಲಿನ ಕೇಂದ್ರದಲ್ಲಿ ಕ್ಯಾನು ತೊಳೆದು ಬಂದ ಅಕ್ಕ ಬೇಲಿಸೊಪ್ಪನ್ನು ಒಲೆಗೆ ಹಾಕಿ ಉಳಿದದ್ದನ್ನು ಅರೆದು ಕೊಡುತ್ತಿದ್ದಳು. ಹಸು ಎದ್ದು ನಿಲ್ಲುತ್ತಿತ್ತು. ಪಂಡಿತ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ನಿನ್ನ ಹೆಸರು ನನ್ನ ಎರಡು ಬೆರಳಲ್ಲಿದೆ ಕಣೋ ದಡ್ಡ ಎಂದು ಒಳಗೊಳಗೇ ಅನ್ನುವುದರಲ್ಲಿ ಅವಳಿಗೆ ಎಂಥ ಸುಖವಿತ್ತೆಂದರೆ, ಹೇಳಿಬಿಟ್ಟರೆ ಆ ಸುಖ ಹೋಗುತ್ತಲ್ಲ ಎಂಬ ಹೆದರಿಕೆಯೂ ಬರತೊಡಗಿತ್ತು.

ಈಗ ಮಿಕ್ಸಿ ಬಂತು. ಬೇಲಿಸೊಪ್ಪು ಒಲೆಗೆ ಹೋಗುವ ದಾರಿ ಮುಚ್ಚಿತು. ‘ಶಕ್ತಿ ಇರೋದು ಅದರಲ್ಲೇ’ ಎಂದು ಪಂಡಿತ ಅದನ್ನೇ ಒಂದು ಹಿಡಿ ಹೆಚ್ಚಾಗಿ ಹಾಕಿ ಅರೆದ, ಸೋಸಿ ಬಾಟಲಿಗೆ ತುಂಬಿದ, ಬಾಟಲಿಗೆ ತನ್ನ ಮುಖದ ಚೀಟಿ ಅಂಟಿಸಿದ. ಅಕ್ಕ ಕಿಟಕಿಯಿಂದ ನೋಡಿದಳು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ಮೂಗಿನಲ್ಲಿ ನಕ್ಕಳು. ಉಣ್ಣುವುದು ಮಹರಾಯನಲ್ಲ, ಯಾವುದೋ ಮೂಕ ಪ್ರಾಣಿ ಎಂಬುದು ಆ ಕ್ಷಣಕ್ಕೆ ಅವಳ ತಲೆಗೆ ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎದುರುಮನೆಯವಳು ಓಡುತ್ತ ಬಂದಳು. ಅವಳಿಗಿದ್ದದ್ದು ಒಂದೇ ಹಸು, ಅದೂ ಎಂಟು ತಿಂಗಳ ಗಬ್ಬ. ಆ ಹಸುವಿಗೆ ಹುಲ್ಲು ಹಾಕಿ ಆಮೇಲೆ ತಾನು ಉಣ್ಣುವ ಹೆಂಗಸು. ತರಕಾರಿ ಅಂಗಡಿಯವನು ಎಸೆದ ಎಲೆಕೋಸನ್ನು ಹಸು ಒಂದು ಬುಟ್ಟಿ ತಿಂದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಅವಳ ಕೈಯಲ್ಲಿ ಪಂಡಿತನ ಬಾಟಲಿ.

“ಅಕ್ಕ, ನಿಮ್ಮ ತಮ್ಮ ಈಗ ಇದನ್ನ ಕೊಟ್ರು. ಮೊದಲು ನೀವು ಅರೆದು ಕೊಡ್ತಿದ್ರಲ್ಲ, ಇದೂ ಅದೇ ಅಲ್ವಾ? ಗಬ್ಬದ ಹಸು, ನನಗ್ಯಾಕೋ ಭಯ. ನೀವೊಂದು ಮಾತು ಹೇಳಿದ್ರೆ ಕುಡಿಸ್ತೀನಿ.”

ಅಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿದಳು. ಪುದೀನ ಎಲ್ಲೋ ಒಂದು ಮೂಲೆಯಲ್ಲಿತ್ತು. ಉಳಿದದ್ದೆಲ್ಲ ಬೇಲಿಸೊಪ್ಪು.

ಚೆಲ್ಲಿಬಿಡು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಆ ಉಸಿರಿನಲ್ಲೇ ಅವಳು ಒಂದು ಲೆಕ್ಕ ಹಾಕಿದಳು. ಹಸು ಒಂದು ದಿನ ಮೇವು ಬಿಡುತ್ತೆ. ಸ್ವಲ್ಪ ಭೇದಿಯಾಗುತ್ತೆ. ಓಣಿಯಲ್ಲಿ ಗುಸುಗುಸು ಶುರುವಾಗುತ್ತೆ. ಪಂಡಿತನಿಗೆ ದಿಕ್ಕು ತೋಚುವುದಿಲ್ಲ. ಆಗ ಎಲ್ಲಿಗೆ ಬರುತ್ತಾನೆ? ಇಲ್ಲಿಗೇ ಬರಬೇಕು. ಅವನು ಬಂದು ಕೂತ ಮೇಲೆ ನಾಲ್ಕು ಸೊಪ್ಪು ಅರೆದು ಹಸುವನ್ನು ಎಬ್ಬಿಸಿದರಾಯಿತು. ಹೊಟ್ಟೆಯೊಳಗಿನ ಕರುವಿನ ನೆನಪು ಬರಲಿಲ್ಲವೆಂದಲ್ಲ. ಬಂತು, ಅದನ್ನವಳು ಪಕ್ಕಕ್ಕೆ ಸರಿಸಿದಳು.

“ಕುಡಿಸು,” ಎಂದಳು. “ಪಂಡಿತರ ಔಷಧ, ಸಾಮಾನ್ಯವೇ?”

ಎದುರುಮನೆಯವಳಿಗೆ ಆ ವ್ಯಂಗ್ಯ ತಿಳಿಯಲಿಲ್ಲ. ಕೈ ಮುಗಿದು ಓಡಿದಳು.

ಮರುದಿನ ಬೆಳಗ್ಗೆ ಅಕ್ಕ ಕ್ಯಾನಿನೊಳಗೆ ತೋಳು ಇಳಿಸಿ ಉಜ್ಜುತ್ತಿದ್ದಾಗ ಹಾಲು ಹಾಕಲು ಬಂದವರು ಮಾತಾಡಿಕೊಂಡರು. ಎದುರುಮನೆಯ ಹಸು ರಾತ್ರಿಯಿಂದ ಎದ್ದೇ ಇಲ್ಲವಂತೆ. ಬಾಯಲ್ಲಿ ನೊರೆಯಂತೆ. ಪಂಡಿತರು ಬಂದು ‘ಔಷಧ ಕೆಲಸ ಮಾಡ್ತಿದೆ’ ಎಂದು ಇನ್ನೊಂದು ಬಾಟಲಿ ಕುಡಿಸಿ ಹೋದರಂತೆ.

ಅಕ್ಕ ಕ್ಯಾನನ್ನು ಅಲ್ಲೇ ಬಿಟ್ಟಳು. ಒಂದು ಬಾಟಲಿಗೆ ಹಾಕಿದ ಲೆಕ್ಕ ಅದು, ಎರಡು ಬಾಟಲಿಗಲ್ಲ. ಒದ್ದೆ ಕೈಯಲ್ಲೇ ಮನೆಗೆ ಬಂದು ತಮ್ಮನ ಮುಂದಿನ ಕೋಣೆಗೆ ಹೋದಳು. ಅವನು ಗಾಜಿನ ಮೇಜನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

“ಆ ಹಸು ಮಲಗಿಬಿಟ್ಟಿದೆಯಂತೆ.”

“ಮಲಗಬೇಕು. ವಿಷ ಇಳೀತಾ ಇದೆ ಅಂತ ಅರ್ಥ.”

ಇಳಿಯುತ್ತಿರುವುದು ಯಾವ ವಿಷ ಎಂದು ಇವನಿಗೆ ಗೊತ್ತಿದ್ದರೆ! ಅಕ್ಕ ಹಲ್ಲು ಕಚ್ಚಿದಳು. ಆಗಲೂ ನೇರವಾಗಿ ಹೇಳಲು ನಾಲಿಗೆ ಏಳಲಿಲ್ಲ. “ಅಪ್ಪ ಅರೆಸೋವಾಗ ಯಾವತ್ತಾದ್ರೂ ಒಳಗೆ ಬಂದು ನೋಡಿದ್ದೀಯೇನೋ ನೀನು?”

“ಹೆಂಗಸರು ಅರೆಯೋದನ್ನ ನಾನ್ಯಾಕೆ ನೋಡ್ಲಿ?”

“ಒಂದ್ಸಲನಾದ್ರೂ ನೋಡ್ಬೇಕಿತ್ತು ಅಂತ ಅನ್ನಿಸಲ್ವಾ?”

ಪಂಡಿತ ಬಟ್ಟೆಯನ್ನು ಮಡಚಿಟ್ಟು ದೊಡ್ಡ ಉಸಿರು ಬಿಟ್ಟ. “ಮಿಕ್ಸಿ ಬಂದಾಗಿನಿಂದ ನಿನ್ನ ಮುಖ ಸರಿಯಿಲ್ಲ ಅಕ್ಕ. ನನಗೆ ತಿಳಿಯಲ್ವಾ? ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಊರೆಲ್ಲ ನನ್ನನ್ನ ಹುಡುಕಿಕೊಂಡು ಬರುತ್ತೆ, ಮನೆಯವರಿಗೇ ನನ್ನ ಬೆಲೆ ಗೊತ್ತಿಲ್ಲ.”

ಆ ಗಾದೆಯನ್ನು ಅವನು ತನಗೆ ಹೇಳಿಕೊಂಡ! ಅಕ್ಕ ಅವನ ಮುಖ ನೋಡಿದಳು. ಇವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ, ಗೋಡೆಯಾದರೆ ಎದುರಾಡುವುದಿಲ್ಲ. ತಿರುಗಿ ದನದ ಆಸ್ಪತ್ರೆಯ ದಾರಿ ಹಿಡಿದಳು.

ದನದ ಡಾಕ್ಟರಮ್ಮ ಗಿಡ್ಡಗೆ ಗಟ್ಟಿಮುಟ್ಟಾಗಿದ್ದವಳು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡೇ ಬದುಕುವವಳು. ನಾಟಿ ಮದ್ದು ಎಂಬ ಶಬ್ದ ಕಿವಿಗೆ ಬಿದ್ದರೆ ಅವಳ ತುಟಿ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. “ಮೊದಲು ಸೊಪ್ಪುಸದೆ ಎಲ್ಲ ಹಾಕಿ ಮುಗಿಸ್ತೀರಿ, ಕೊನೇಗೆ ಹೆಣ ಕಾಯೋದಕ್ಕೆ ನನ್ನ ಕರೀತೀರಿ,” ಎನ್ನುತ್ತಲೇ ಚೀಲ ತೆಗೆದುಕೊಂಡು ಹೊರಟಳು. ಅಕ್ಕ ಹಿಂದೆಯೇ ಓಡಿದಳು.

ಎದುರುಮನೆಯ ಕೊಟ್ಟಿಗೆ ನಾಲ್ಕು ಹೆಜ್ಜೆ ಅಗಲದ್ದು. ಹಸು ಗೋಡೆಗೆ ಬೆನ್ನು ಕೊಟ್ಟು ಬಿದ್ದಿತ್ತು, ಕುತ್ತಿಗೆ ಮುಂದಕ್ಕೆ ಚಾಚಿ ಒಂದೊಂದು ಉಸಿರಿಗೂ ನರಳುತ್ತಿತ್ತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರುಮನೆಯವಳು ಕೂತಿದ್ದಳು. ಡಾಕ್ಟರಮ್ಮನನ್ನು ಕಂಡು ಪಂಡಿತನೂ ಬಂದು ಸೇರಿದ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ನಾಲ್ಕು ಜನ ಸೇರಿದ ಕಡೆ ಪಂಡಿತ ಬರದೇ ಇರುತ್ತಾನೆಯೇ?

“ಏನು ಕುಡಿಸಿದ್ದೀರಿ?” ಎಂದಳು ಡಾಕ್ಟರಮ್ಮ, ಹಸುವಿನ ಕಣ್ಣರೆಪ್ಪೆ ಎತ್ತಿ ನೋಡುತ್ತ.

“ಐದು ಸೊಪ್ಪು,” ಎಂದ ಪಂಡಿತ.

“ಯಾವ ಐದು?”

“ಅದು ನಮ್ಮ ಮನೆತನದ ಗುಟ್ಟು ಡಾಕ್ಟ್ರೇ. ಹೊರಗೆ ಹೇಳೋ ಹಾಗಿಲ್ಲ.”

“ಓಹೋ! ಗುಟ್ಟು ನಿಮ್ಮ ಹತ್ತಿರಾನೇ ಇರಲಿ. ಹಸು ಇನ್ನು ಒಂದು ಗಂಟೆ ಇರುತ್ತೆ.”

ಎದುರುಮನೆಯವಳು ಬಾಯಿಗೆ ಸೆರಗು ತುರುಕಿಕೊಂಡಳು. ಆ ದನಿ ಹೊರಗೆ ಬರಲಿಲ್ಲ, ಆದರೂ ಅಕ್ಕನಿಗೆ ಕೇಳಿಸಿತು.

“ಪುದೀನ, ಸಬ್ಬಸಿಗೆ, ದೊಡ್ಡಪತ್ರೆ, ಬೆಳ್ಳುಳ್ಳಿ ಸೊಪ್ಪು,” ಎಂದಳು ಅಕ್ಕ ಒಂದೇ ಉಸಿರಿಗೆ. “ಮತ್ತೆ ಬೇಲಿಸೊಪ್ಪು. ಬೇಲಿಸೊಪ್ಪೇ ಜಾಸ್ತಿ.”

ಡಾಕ್ಟರಮ್ಮನ ಕೈ ನಿಂತಿತು. ಅವಳು ಪಂಡಿತನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. “ಮೊದಲ ನಾಲ್ಕು ಸೊಪ್ಪಿಗೆ ನಾನು ಏನೂ ಅನ್ನಲ್ಲ. ಕುಡಿಸಿದ್ರೆ ಗಾಳಿ ಹೋಗುತ್ತೆ, ಒಳ್ಳೇದೇ. ಆದ್ರೆ ದನ ತಾನಾಗಿ ಬಾಯಿ ಹಾಕದ ಗಿಡವನ್ನ ಹಿಡಿದು ಕುಡಿಸೋದಕ್ಕೆ ಮನುಷ್ಯನೇ ಬೇಕು ನೋಡಿ. ದನಕ್ಕೆ ಅಷ್ಟು ವಿದ್ಯೆ ಇರಲ್ಲ.”

ಡಾಕ್ಟರಮ್ಮ ಹಸುವಿನ ಬಾಯಿಂದ ಕೊಳವೆ ಇಳಿಸಿದಳು. ನಾರುವ ಗಾಳಿ ಬುಸ್ಸೆಂದು ಹೊರಬಂತು. ಇದ್ದಿಲ ಪುಡಿ ಕಲಸಿದ ನೀರು ಹೊಟ್ಟೆಗೆ ಹೋಯಿತು, ಒಂದರ ಹಿಂದೆ ಒಂದು ಇಂಜಕ್ಷನ್ ಬಿತ್ತು. ಅಕ್ಕ ಬಿಸಿನೀರು ಹೊತ್ತು ತಂದಳು, ಹಸುವಿನ ಕಾಲು ತಿಕ್ಕಿದಳು, ಹೇಳಿದ್ದೆಲ್ಲ ಮಾಡಿದಳು. ಬಿಸಿಲು ಇಳಿಯುವ ಹೊತ್ತಿಗೆ ಹಸು ನೋವು ತಿನ್ನತೊಡಗಿತು. ಡಾಕ್ಟರಮ್ಮ ತೋಳಿಗೆ ಎಣ್ಣೆ ಹಚ್ಚಿಕೊಂಡು ಬೂಟುಗಾಲನ್ನು ಗೋಡೆಗೆ ಒತ್ತಿ ಕರುವನ್ನು ಹೊರಗೆಳೆದಳು. ಹೆಣ್ಣುಗರು. ರೋಮ ಇನ್ನೂ ತೆಳ್ಳಗೆ, ಗೊರಸು ಮೆತ್ತಗೆ. ಮೂಗಿನಲ್ಲಿ ಹುಲ್ಲುಕಡ್ಡಿ ಆಡಿಸಿದರು, ಎದೆ ಒತ್ತಿದರು, ತಲೆಕೆಳಗು ಮಾಡಿ ಹಿಡಿದರು. ಅದು ಹೊಟ್ಟೆಯಲ್ಲೇ ಸತ್ತಿತ್ತು.

“ತಾಯಿ ಉಳೀತಾಳೆ,” ಎಂದಳು ಡಾಕ್ಟರಮ್ಮ ಕೈ ತೊಳೆಯುತ್ತ. “ಇನ್ನೊಂದು ಗಂಟೆ ತಡವಾಗಿದ್ರೆ ಅವಳೂ ಇರ್ತಿರಲಿಲ್ಲ. ಈಯಮ್ಮ ಓಡಿ ಬಂದು ಕರೆದದ್ದಕ್ಕೆ ಆಯ್ತು.” ಚೀಲ ಎತ್ತಿಕೊಂಡು ಹೊರಟುಹೋದಳು.

ಎದುರುಮನೆಯವಳು ಅಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತಳು. “ನೀವು ಇಲ್ಲದಿದ್ರೆ ನನ್ನ ಹಸು ಹೋಗ್ತಿತ್ತು ಅಕ್ಕ. ಒಡಹುಟ್ಟಿದವಳೂ ಇಷ್ಟು ಮಾಡಲ್ಲ.”

ಅಕ್ಕನಿಗೆ ಆ ಕೈಗಳನ್ನು ಬಿಡಿಸಿಕೊಂಡರೆ ಸಾಕಾಗಿತ್ತು.

ಪಂಡಿತ ಮೂಲೆಯಲ್ಲಿ ನಿಂತಿದ್ದ. ಅವನ ಇಸ್ತ್ರಿ ಅಂಗಿಗೆ ಸಗಣಿ ಸಿಡಿದಿತ್ತು, ಅದರ ಪರಿವೆಯೂ ಇರಲಿಲ್ಲ. ಮೊದಲ ಬಾರಿಗೆ ಅವನ ಮುಖದಲ್ಲಿ ಫೋಟೋದ ಗಾಂಭೀರ್ಯ ಇರಲಿಲ್ಲ. ನಿಧಾನವಾಗಿ ಬಂದು ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಅಕ್ಕ, ಅಪ್ಪ ಇದನ್ನ ಹೇಗೆ ಮಾಡ್ತಿದ್ದ? ಬೇಲಿಸೊಪ್ಪು ಹಾಕ್ತಿರಲಿಲ್ವಾ?”

ಹನ್ನೊಂದು ವರ್ಷ ಕಾದ ಮಾತು. ಕೂತ ರೀತಿಯೂ ಅವಳು ಅಂದುಕೊಂಡ ಹಾಗೆಯೇ. ಈಗ ಅದು ಬೇಡವಾಗಿತ್ತು. ಈಗ ಕೇಳಬೇಡವೋ, ಇಲ್ಲಿ ಕೇಳಬೇಡವೋ ಎಂದು ಕಣ್ಣಲ್ಲೇ ಹೇಳಿದಳು. ಕಣ್ಣಿನ ಮಾತು ತಿಳಿಯುವಷ್ಟು ಬುದ್ಧಿ ಅವನಿಗೆ ಯಾವಾಗ ಇತ್ತು?

“ಹೇಳಕ್ಕ. ಹಾಕ್ತಿರಲಿಲ್ವಾ?”

“ಇಲ್ಲ.”

“ನೀನು ಅರೆದು ಕೊಡ್ತಿದ್ದಾಗ?”

“ನಾನೂ ಹಾಕ್ತಿರಲಿಲ್ಲ. ಒಲೆಗೆ ಹಾಕಿಬಿಡ್ತಿದ್ದೆ.”

“ವಿಷ ಅಂತ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಪಂಡಿತ ತಲೆಯ ಮೇಲೆ ಕೈ ಹೊತ್ತುಕೊಂಡ. “ನನಗೆ ಗೊತ್ತಿರಲಿಲ್ಲ ಅಕ್ಕ. ದೇವರಾಣೆಗೂ ನನಗೆ ಗೊತ್ತಿರಲಿಲ್ಲ,” ಎಂದು ಚಿಕ್ಕ ಮಗುವಿನ ಹಾಗೆ ಅಳತೊಡಗಿದ. ಅವನ ಬಾಯಿಂದ ಆ ಮಾತನ್ನು ಓಣಿಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ.

ಎದುರುಮನೆಯವಳು ಹಸುವಿನ ಮೈ ಒರೆಸುವುದನ್ನು ನಿಲ್ಲಿಸಿದ್ದಳು. ಅವಳು ಓದಿದವಳಲ್ಲ, ಆದರೆ ನಿನ್ನೆ ಮತ್ತು ಇವತ್ತನ್ನು ಪಕ್ಕಪಕ್ಕ ಇಟ್ಟು ನೋಡಲು ಓದು ಬೇಕಾಗಿರಲಿಲ್ಲ. ತುಂಬ ಹೊತ್ತು ಅಕ್ಕನ ಮುಖ ನೋಡಿದಳು. ಬೈಯಲಿ ಎಂದು ಅಕ್ಕ ಕಾದಳು. ಬೈದಿದ್ದರೆ ಏನಾದರೂ ಒಂದು ಹೇಳಬಹುದಿತ್ತು: ತಮ್ಮನ ಸೊಕ್ಕಿನ ಬಗ್ಗೆ, ಆ ಬೋರ್ಡಿನ ಬಗ್ಗೆ, ಹನ್ನೊಂದು ವರ್ಷದ ಬಗ್ಗೆ. ಅವಳು ಬೈಯಲಿಲ್ಲ. ಸತ್ತ ಕರುವನ್ನು ಗೋಣಿಯ ಮೇಲೆ ಎಳೆದುಕೊಂಡು, ಅದರ ಕಾಲುಗಳನ್ನು ಒಳಗೆ ಮಡಚಿ ಮುಚ್ಚಿದಳು. ಅಕ್ಕ ಬಗ್ಗಿ ಗೋಣಿಯ ಒಂದು ತುದಿಗೆ ಕೈ ಹಾಕಿದಳು.

“ನೀವು ಮುಟ್ಟಬೇಡಿ,” ಎಂದಳು ಎದುರುಮನೆಯವಳು.

ಆಮೇಲೆ ಅಳುತ್ತ ಕೂತಿದ್ದವನ ಕಡೆ ತಿರುಗಿ, “ಪಂಡಿತರೇ, ನೀವು ಬನ್ನಿ. ಆ ಕಡೆ ಹಿಡ್ಕೊಳ್ಳಿ,” ಎಂದಳು.

ಪಂಡಿತ ತೋಳಿನಿಂದ ಮೂಗು ಒರೆಸಿಕೊಂಡು ಬಂದ. ಎಲ್ಲಿ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಎದುರುಮನೆಯವಳೇ ಅವನ ಕೈ ಹಿಡಿದು ತೋರಿಸಿಕೊಟ್ಟಳು. ಇಬ್ಬರೂ ಗೋಣಿಯನ್ನು ಎತ್ತಿಕೊಂಡು ಹೊರಗೆ ಹೋಗಲು ಅಕ್ಕ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.